ನಮ್ಮೂರ ಮಾತುಕತೆಗೆ ಮನೆಯಲ್ಲೇ ಮೂರು ಕಂಪ್ಯೂಟರ್

ಬದಿಯಡ್ಕದ ಕಡೆ ಒಂದು ತಾಳಮದ್ದಳೆ ಆಯಿತು ಅಂದರೆ ಅದರ ಫೋಟೋ, ಆಡಿಯೋ ಎಲ್ಲ ನಾಲ್ಕಾರು ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಆಮೇಲೆ ಯಾರೋ ಫೋನ್ ಬದಲಾಯಿಸುತ್ತಾರೆ, ಇನ್ಯಾರೋ ಜಾಗ ಸಾಲದು ಅಂತ ಅಳಿಸುತ್ತಾರೆ. ಐದು ವರ್ಷ ಬಿಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಉಳಿಯಬೇಕು ಅನ್ನುವವರು ನಾವು. ಆ ಕನ್ನಡವನ್ನು ಇಡುವ ಜಾಗವೂ ನಮ್ಮ ಕೈಯಲ್ಲೇ ಇರಬೇಕು, ಅಲ್ವಾ?

ಅದಕ್ಕೆ ಮಾಸ್ಟೊಡಾನ್ ಇದೆ. 2016ರಲ್ಲಿ ಶುರುವಾದ, ಪೋಸ್ಟು ಫೋಟೋ ಹಂಚಿಕೊಳ್ಳುವ ಜಾಲತಾಣ ನಡೆಸುವ ಉಚಿತ ತಂತ್ರಾಂಶ. ನಮ್ಮ ಮನೆಯಲ್ಲಿ ನಡೆಸಿದರೂ ಬೇರೆ ಸರ್ವರಿನವರ (ಬೇರೆಯವರು ನಡೆಸುವ ಮಾಸ್ಟೊಡಾನಿನವರ) ಜೊತೆ ಮಾತಾಡಬಹುದು.

ಮೊದಲು ಡೊಮೇನ್ ಹೆಸರು, ಅಂದರೆ ಜನ ನಿಮ್ಮ ತಾಣ ಹುಡುಕುವ ವೆಬ್ ಹೆಸರು, ಕೊಳ್ಳಿ. ಚೆನ್ನಾಗಿ ಯೋಚಿಸಿ ಆರಿಸಿ, ಯಾಕೆಂದರೆ ಒಮ್ಮೆ ಶುರು ಮಾಡಿದ ಮೇಲೆ ಅದನ್ನು ಬದಲಾಯಿಸಲು ಆಗುವುದಿಲ್ಲ.

ಬೇಕಾದ ಮೂರು ಯಂತ್ರಗಳಿಗೆ 8 ಜಿಬಿ ರ‍್ಯಾಮಿನ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಸಾಕು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು, ಬ್ಯಾಟರಿ ಸರಿ ಇದ್ದರೆ ಕರೆಂಟು ಹೋದಾಗ ಸ್ವಲ್ಪ ಹೊತ್ತು ಅದೇ ಕಾಯುತ್ತದೆ. ಮೆಮೊರಿ ಕಾರ್ಡಿನಲ್ಲಿ ಡೇಟಾಬೇಸ್, ಅಂದರೆ ಖಾತೆ ಪೋಸ್ಟು ಎಲ್ಲ ಇರುವ ಸಂಗ್ರಹ, ಇಡಬೇಡಿ. ಬರೆದು ಬರೆದು ಅದು ಬೇಗ ಸವೆಯುತ್ತದೆ. ಎಸ್‌ಎಸ್‌ಡಿ ಹಾಕಿ.

ಕೆಲಸ ಹಂಚುವುದು ಹೀಗೆ: ಒಂದರಲ್ಲಿ ಡೇಟಾಬೇಸ್ ನಡೆಸುವ ಪೋಸ್ಟ್‌ಗ್ರೆಸ್ ಮತ್ತು ಬೇಗ ಬೇಕಾದ ತಾತ್ಕಾಲಿಕ ಮಾಹಿತಿ ಇಡುವ ರೆಡಿಸ್, ಇನ್ನೊಂದರಲ್ಲಿ ಮಾಸ್ಟೊಡಾನ್ ಮತ್ತು ಹಿಂದಿನಿಂದ ಪೋಸ್ಟುಗಳನ್ನು ಊರೂರಿಗೆ ತಲುಪಿಸುವ ಸೈಡ್‌ಕಿಕ್, ಮೂರನೆಯದರಲ್ಲಿ ರಾತ್ರಿಯ ಬ್ಯಾಕಪ್. ಹಲವು ಯಂತ್ರಗಳನ್ನು ಒಟ್ಟಿಗೆ ನಿಭಾಯಿಸುವ ಕುಬರ್ನೆಟಿಸ್ ಸುಮ್ನೆ ಈಗಲೇ ಬೇಡ, ಒಂದೊಂದು ಯಂತ್ರದ ತಂತ್ರಾಂಶಗಳನ್ನು ಒಟ್ಟಿಗೆ ಶುರು ಮಾಡುವ ಡಾಕರ್ ಕಂಪೋಸ್ ಸಾಕು. ಒಂದು ಮಾತು ನೆನಪಿರಲಿ: ಮೂರು ಯಂತ್ರ ಇದೆ ಅಂತ ಒಂದು ಕೆಟ್ಟರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಡೇಟಾಬೇಸಿನದು ನಿಂತರೆ ಎಲ್ಲವೂ ನಿಲ್ಲುತ್ತದೆ.

ಹೊಸಬರು ಜಾಸ್ತಿ ಸಿಕ್ಕಿಬೀಳುವುದು ಇಂಟರ್‌ನೆಟ್ ಹಂತದಲ್ಲಿ. ರೌಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನಿಮಗೆ ಸ್ವಂತ ವಿಳಾಸ ಇಲ್ಲ ಅಂತ ಅರ್ಥ, ರೌಟರಿನಲ್ಲಿ ಪೋರ್ಟ್ (ಹೊರಗಿನವರು ಬರುವ ಬಾಗಿಲು) ತೆರೆದರೂ ಯಾರೂ ಒಳಗೆ ಬರಲಾರರು. ಆಗ ಕ್ಲೌಡ್‌ಫ್ಲೇರ್ ಟನಲ್ (ಮನೆಯಿಂದಲೇ ಹೊರಕ್ಕೆ ದಾರಿ ತೆರೆದು ಜನರನ್ನು ಒಳಗೆ ತರುವ ಸೇವೆ) ಹಾಕಿ, ಇಲ್ಲವೇ ಹೊರಗೊಂದು ಸಣ್ಣ ವಿಪಿಎಸ್ (ಬೇರೆಡೆ ಇರುವ ಸರ್ವರ್) ಬಾಡಿಗೆಗೆ ಹಿಡಿದು, ಗುಪ್ತ ಸಂಪರ್ಕ ಕಟ್ಟುವ ವೈರ್‌ಗಾರ್ಡ್‌ನಿಂದ ಮನೆಗೆ ಜೋಡಿಸಿ. ಇಮೇಲ್ ಮಾತ್ರ ಮನೆಯಿಂದ ಕಳಿಸಬೇಡಿ, ಸ್ಪ್ಯಾಮಿಗೆ ಹೋಗುತ್ತದೆ. ಬೇರೆ ಎಸ್‌ಎಂಟಿಪಿ ಸೇವೆ (ಇಮೇಲ್ ಕಳಿಸಿಕೊಡುವವರು) ಹಿಡಿಯಿರಿ.

ಇನ್ನು ಸಿಡಿಲು. ಅಕ್ಟೋಬರ್ ನವೆಂಬರಿನಲ್ಲಿ ಮಧ್ಯಾಹ್ನ ಕಳೆದರೆ ನಮ್ಮಲ್ಲಿ ಗುಡುಗು ಇದ್ದದ್ದೇ. ಕಳೆದ ವರ್ಷ ಒಂದು ಸಂಜೆ ರೌಟರ್, ಸ್ವಿಚ್, ಬ್ಯಾಕಪ್ಪಿನ ಯಂತ್ರ ಒಟ್ಟಿಗೆ ಸುಟ್ಟವು, ಯಾಕೆಂದರೆ ಎಲ್ಲವೂ ಒಂದೇ ಪ್ಲಗ್ಗಿನಲ್ಲಿ ಇದ್ದವು. ಡೇಟಾಬೇಸ್ ಉಳಿದದ್ದು ಅದೃಷ್ಟ. ಅಂದಿನಿಂದ ಒಂದು ಪ್ರತಿ ಮುಳ್ಳೇರಿಯದ ಅಕ್ಕನ ಮನೆಯಲ್ಲಿದೆ. ಪ್ರತಿ ಇಡಬೇಕಾದದ್ದು ಮೂರು: ಡೇಟಾಬೇಸಿನ ಡಂಪ್ (ಪೂರ್ತಿ ನಕಲು), ಜನ ಹಾಕಿದ ಫೋಟೋ ಆಡಿಯೋ, ಮತ್ತು ರಹಸ್ಯ ಕೀಗಳಿರುವ ಸೆಟ್ಟಿಂಗ್ ಫೈಲ್. ಕೊನೆಯದನ್ನು ಮರೆಯುವವರೇ ಹೆಚ್ಚು. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಅವನ್ನೆಲ್ಲ ಹಾಕಿ, ಲಾಗಿನ್ ಆಗಿ, ಒಂದು ಹಳೆಯ ಫೋಟೋ ತೆರೆಯುತ್ತದಾ ನೋಡಿ. ಬೇರೆ ಸರ್ವರಿನಿಂದ ಬಂದ ಚಿತ್ರಗಳು ಡಿಸ್ಕ್ ತುಂಬುತ್ತವೆ, ವಾರಕ್ಕೊಮ್ಮೆ ತೆಗೆಯುವಂತೆ ಹಾಕಿಡಿ.

ಎಲ್ಲರಿಗೂ ಒಮ್ಮೆಲೇ ಬಾಗಿಲು ತೆರೆಯಬೇಡಿ. ನೋಂದಣಿಯನ್ನು ಆಹ್ವಾನಕ್ಕೆ ಮಾತ್ರ ಇಟ್ಟು ಹತ್ತು ಜನರಿಂದ ಶುರು ಮಾಡಿ, ದೂರು ಬಂದರೆ ನೋಡಲು ಇನ್ನೊಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ. ಹಿರಿಯರ ಆಂಡ್ರಾಯ್ಡ್ ಫೋನಿಗೆ ಮಾಸ್ಟೊಡಾನ್ ನೋಡುವ ಟಸ್ಕಿ ಆ್ಯಪ್ ಹಾಕಿ, ಕನ್ನಡ ಕೀಬೋರ್ಡ್ ಜೋಡಿಸಿ, ಮೊದಲ ಫೋಟೋ ಹಾಕುವವರೆಗೆ ಪಕ್ಕದಲ್ಲೇ ಕೂತಿರಿ.