ಟಸ್ಕನಿಯಲ್ಲಿ ನಡ್ಕೊಂಡು ಊರು, ತೋಟ ನೋಡೋದು ಹೇಗೆ: ಮೊದಲು ಗೇಟಿನ ಟೈಮು, ಆಮೇಲೆ ಕಿಲೋಮೀಟರು

ಇಟಲಿಯ ಟಸ್ಕನಿಗೆ ವಾಕಿಂಗ್ ಹಾಲಿಡೇ ಅಂತ ಹೋಗಿ ಬಂದೋರ ಫೋನಲ್ಲಿ ಬರೀ ರಸ್ತೆ, ಸೈಪ್ರೆಸ್ ಮರ, ಗುಡ್ಡ ಇರುತ್ತೆ, ಊರೊಳಗಿನ ಫೋಟೋ ಹುಡುಕಿದ್ರೂ ಸಿಗಲ್ಲ. ಕಾರಣ ಇಷ್ಟೇ, ಅವರು ದಿನಕ್ಕೆ ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ಅಂತ ಪ್ಲಾನ್ ಹಾಕಿರ್ತಾರೆ, ಸಂಜೆ ಊರು ಮುಟ್ಟೋ ಹೊತ್ತಿಗೆ ಮ್ಯೂಸಿಯಂ ಮುಚ್ಚಿರುತ್ತೆ, ತೋಟದ ಗೇಟಿಗೆ ಬೀಗ ಬಿದ್ದಿರುತ್ತೆ, ಇವರಿಗೂ ಕಾಲು ಚಾಚಿ ಮಲಗಿದ್ರೆ ಸಾಕಪ್ಪಾ ಅನ್ನಿಸಿರುತ್ತೆ. ಲಕ್ಷಗಟ್ಟಲೆ ಖರ್ಚು ಮಾಡಿ ಹೋದ ಎಷ್ಟೋ ಜನ ಹೀಗೆ ಊರುಗಳನ್ನ ಹೊರಗಿಂದಲೇ ನೋಡಿ ಬಂದಿದ್ದಾರೆ, ಅದಕ್ಕೇ ಇದನ್ನ ಬರೀತಿದೀನಿ.

ಹಂತ 1: ದಾರಿ ಆರಿಸ್ಕೊಳ್ಳಿ

ಇದು ಸುಲಭ. ಮೊದಲನೇ ಸಲ ಹೋಗೋರು ಬೇರೆ ಯಾವುದನ್ನೂ ನೋಡಬೇಡಿ, ವಿಯಾ ಫ್ರಾಂಚಿಜೆನಾ ಅನ್ನೋ, ರೋಮ್‌ಗೆ ಹೋಗೋ ಹಳೇ ಯಾತ್ರಾ ದಾರಿ ಹಿಡೀರಿ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ಸುಮಾರು 990ರಲ್ಲಿ ರೋಮ್‌ನಿಂದ ವಾಪಸ್ ಹೋಗುವಾಗ ತಂಗಿದ್ದ ಊರುಗಳ ಪಟ್ಟಿ ಉಳ್ಕೊಂಡಿದೆ, ಇವತ್ತಿನ ಯಾತ್ರಾ ದಾರಿ ಆ ಪಟ್ಟಿ ಹಿಡಿದೇ ಮಾಡಿದ್ದು. ಪೂರ್ತಿ ದಾರಿ ಬೇಡ. ಗಂಬಾಸ್ಸಿ ತೆರ್ಮೆಯಿಂದ ಶುರು ಮಾಡಿ ಸಾನ್ ಜಿಮಿನ್ಯಾನೋ, ಮೊಂತೆರಿಜ್ಜೋನಿ, ಸಿಯೆನಾ, ಸಾನ್ ಕ್ವಿರಿಕೋ, ಕೊನೆಗೆ ದಾರಿ ಬಿಟ್ಟು ಪಕ್ಕಕ್ಕೆ ಹೋಗಿ ಪಿಯೆಂಜಾ. ಗಂಬಾಸ್ಸಿಗೆ ಫ್ಲಾರೆನ್ಸ್ ಕಡೆಯಿಂದ ರೈಲಲ್ಲಿ ಕಾಸ್ತೆಲ್‌ಫಿಯೊರೆಂತಿನೋ ತನಕ ಬಂದು, ಅಲ್ಲಿಂದ ಬಸ್ಸೋ ಟ್ಯಾಕ್ಸಿನೋ ಹಿಡೀಬೇಕು. ದಾರಿಯುದ್ದಕ್ಕೂ ಕೆಂಪು-ಬಿಳಿ ಪಟ್ಟಿ ಗುರುತು ಇರುತ್ತೆ, ಮ್ಯಾಪ್ ಮೇಲೆ ದಾರಿ ತೋರಿಸೋ ಜಿಪಿಎಕ್ಸ್ ಫೈಲು ಅಧಿಕೃತ ವೆಬ್‌ಸೈಟಲ್ಲಿ ಫ್ರೀ, ಫೋನಿಗೆ ಆಫ್‌ಲೈನ್ ಮ್ಯಾಪ್ ಹಾಕ್ಕೊಂಡ್ರೆ ಮುಗೀತು. ದುಡ್ಡು ಕೊಟ್ಟು ಗೈಡ್ ಮಾಡ್ಕೊಳ್ಳೋ ಅಗತ್ಯನೇ ಇಲ್ಲ.

ಹಂತ 2: ತಿಂಗಳು

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ, ಇಲ್ಲಾ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್. ಮಕ್ಕಳಿಗೆ ಬೇಸಿಗೆ ರಜೆ ಅಂತ ಮೇನಲ್ಲಿ ಹೋದ್ರೆ ಹೂವೂ ಸಿಗುತ್ತೆ, ಹಸಿರೂ ಸಿಗುತ್ತೆ. ಜುಲೈ, ಆಗಸ್ಟ್ ಬೇಡವೇ ಬೇಡ, ಬಿಸಿಲು ವಿಪರೀತ, ಜೊತೆಗೆ ಸಿಯೆನಾದಲ್ಲಿ ಜುಲೈ 2 ಮತ್ತು ಆಗಸ್ಟ್ 16ಕ್ಕೆ ಪಾಲಿಯೋ ಕುದುರೆ ರೇಸ್, ಆ ಹೊತ್ತಲ್ಲಿ ರೂಮ್ ರೇಟು ಕೇಳೋ ಹಾಗಿರಲ್ಲ. ಸೆಪ್ಟೆಂಬರ್ ಮೂರನೇ ಭಾನುವಾರದಿಂದ ಬೇಟೆ ಸೀಸನ್ ಶುರುವಾಗುತ್ತೆ, ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬೇಟೆ ಇಲ್ಲ. ಆಮೇಲೆ ಹೋಗೋರು ಕಾಡಿನ ದಾರೀಲಿ ಕಿತ್ತಳೆಯೋ ಕೆಂಪೋ ಎದ್ದು ಕಾಣೋ ಬಟ್ಟೆ ಹಾಕ್ಕೊಳ್ಳಿ.

ವೀಸಾ ವಿಷಯ ಎಲ್ರಿಗೂ ಗೊತ್ತಿರೋದೇ, ಶೆಂಗೆನ್ ಅರ್ಜಿನ ಆರು ತಿಂಗಳು ಮುಂಚೆಯಿಂದ ಹಾಕಬಹುದು, 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಬೇಕು. ಒಂದು ಮಾತು, ವೀಸಾ ಫೈಲಿಗೆ ಬೇಕು ಅಂತ ಯಾರೋ ಏಜೆಂಟ್ ಕೊಡೋ ಡಮ್ಮಿ ಬುಕಿಂಗ್ ಇಡಬೇಡಿ. ಫ್ರೀ ಕ್ಯಾನ್ಸಲೇಶನ್ ಇರೋ ನಿಜವಾದ ರೂಮೇ ಬುಕ್ ಮಾಡಿ, ಹೇಗೂ ಈ ಸಣ್ಣ ಊರುಗಳಲ್ಲಿ ಕೋಟೆ ಒಳಗಿನ ರೂಮು ಬೇಗ ಖಾಲಿಯಾಗುತ್ತೆ.

ಹಂತ 3: ದಿನಗಳನ್ನ ಕೂರಿಸೋದು (ಎಲ್ರೂ ಎಡವೋದು ಇಲ್ಲೇ)

ಗೈಡ್‌ಗಳಲ್ಲಿ ದಾರೀನ ಹೀಗೆ ಭಾಗ ಮಾಡಿರ್ತಾರೆ: ಗಂಬಾಸ್ಸಿಯಿಂದ ಸಾನ್ ಜಿಮಿನ್ಯಾನೋ ಹದಿಮೂರು-ಹದಿನಾಲ್ಕು ಕಿಲೋಮೀಟರ್, ಅಲ್ಲಿಂದ ಮೊಂತೆರಿಜ್ಜೋನಿ 31, ಅಲ್ಲಿಂದ ಸಿಯೆನಾ ಇಪ್ಪತ್ತು ಚಿಲ್ಲರೆ, ಮುಂದೆ ಪೊಂತೆ ದಾರ್ಬಿಯಾ 26, ಸಾನ್ ಕ್ವಿರಿಕೋ ಮತ್ತೆ 26. ಇದು ರೋಮ್ ತನಕ ನಡೆಯೋ ಯಾತ್ರಿಕರ ಲೆಕ್ಕ. ಊರು, ತೋಟ ನೋಡಬೇಕು ಅಂತ ಹೋಗೋರು ಇದನ್ನ ಹಾಗ್ ಹಾಗೇ ಕಾಪಿ ಹೊಡೀಬಾರದು.

ನನ್ನ ಪ್ರಕಾರ ಪ್ಲಾನ್ ಹಾಕೋದು ಹಿಂದಿನಿಂದ ಮುಂದಕ್ಕೆ. ಮೊದಲು ಒಂದು ಹಾಳೇಲಿ ನೀವು ನೋಡಲೇಬೇಕು ಅನ್ನೋ ಒಳಾಂಗಣ, ತೋಟ ಬರೀರಿ, ಪ್ರತಿಯೊಂದರ ಮುಂದೆ ಯಾವ ವಾರ ರಜೆ, ಎಷ್ಟು ಗಂಟೆಗೆ ಕೊನೇ ಎಂಟ್ರಿ ಅಂತ ಅವರದ್ದೇ ವೆಬ್‌ಸೈಟ್ ನೋಡಿ ಬರ್ಕೊಳ್ಳಿ, ಟ್ರಾವೆಲ್ ಬ್ಲಾಗ್ ನೋಡಿ ಅಲ್ಲ, ಅದರಲ್ಲಿ ಹಳೇ ಟೈಮಿಂಗ್ ಇರುತ್ತೆ. ಮುಚ್ಚೋ ಟೈಮಿಗೂ ಕೊನೇ ಎಂಟ್ರಿಗೂ ಅರ್ಧದಿಂದ ಒಂದು ಗಂಟೆ ವ್ಯತ್ಯಾಸ ಇರುತ್ತೆ, ನೆನಪಿರಲಿ. ಚರ್ಚುಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಮುಚ್ಚೋದು ಮಾಮೂಲು, ಭಾನುವಾರ ಬೆಳಗ್ಗೆ ಪ್ರಾರ್ಥನೆ ಇದ್ದಾಗ ಪ್ರವಾಸಿಗರನ್ನ ಬಿಡಲ್ಲ. ಅಡುಗೆಮನೆಗಳೂ ಹಾಗೇ, ಊಟ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಊಟ ಏಳೂವರೆ ಮೇಲೆ. ಮೂರು ಗಂಟೆಗೆ ಹಸ್ಕೊಂಡು ಬಂದ್ರೆ ಬಾರಲ್ಲಿ ಒಣ ಸ್ಯಾಂಡ್‌ವಿಚ್ಚೇ ಗತಿ.

ಈಗ ಇದರ ಮೇಲೆ ಕಿಲೋಮೀಟರ್ ಕೂರಿಸಿ. ನನ್ನ ನಿಯಮ ಒಂದೇ: ಮಧ್ಯಾಹ್ನ ಎರಡರ ಒಳಗೆ ಮುಂದಿನ ಊರಿನ ಬಾಗಿಲು ದಾಟಿರಬೇಕು. ಬ್ಯಾಗ್ ಇಟ್ಟು, ಸ್ನಾನ ಮಾಡಿ, ಒಂದು ಗಂಟೆ ಮಲಗೆದ್ರೆ ನಾಲ್ಕಕ್ಕೆ ಊರು ನೋಡೋಕೆ ಕಾಲು ರೆಡಿ. ಗುಡ್ಡದ ದಾರೀಲಿ ಫೋಟೋ ಗೀಟೋ ಸೇರಿ ಗಂಟೆಗೆ ಮೂರೂವರೆ ಕಿಲೋಮೀಟರ್ ಲೆಕ್ಕ ಹಿಡೀರಿ, ಲಾಲ್‌ಬಾಗಲ್ಲಿ ಬೆಳಗ್ಗೆ ಹೋಗೋ ಸ್ಪೀಡು ಇಲ್ಲಿ ನಡೆಯಲ್ಲ. ಏಳೂವರೆಗೆ ಹೊರಟ್ರೆ ಎರಡರೊಳಗೆ ಇಪ್ಪತ್ತೆರಡು ಚಿಲ್ಲರೆ ಆಗುತ್ತೆ, ಅದೇ ಗರಿಷ್ಠ.

ಹಾಗಾಗಿ ಆ 31 ಕಿಲೋಮೀಟರ್ ದಿನಾನ ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಮುರೀರಿ, ಅರ್ಧಕ್ಕಿಂತ ಸ್ವಲ್ಪ ಮುಂಚೆನೇ ಸಿಗುತ್ತೆ. ಬಹಳ ಜನ ಹೆಸರೇ ಕೇಳದ ಊರು, ಗುಡ್ಡದ ಮೇಲೆ ಉದ್ದಕ್ಕೆ ಮಲಗಿರೋ ಹಳೇ ಪೇಟೆ, ಕ್ರಿಸ್ಟಲ್ ಗಾಜಿನ ಕೆಲಸಕ್ಕೆ ಹೆಸರುವಾಸಿ. ಮಾರನೇ ದಿನ ಅಬ್ಬಾದಿಯಾ ಅ ಇಸೋಲಾ ಅನ್ನೋ, 1001ರಲ್ಲಿ ಶುರುವಾದ ಮಠ ನೋಡ್ಕೊಂಡು ಮೊಂತೆರಿಜ್ಜೋನಿ ಸೇರಬಹುದು. ಮೊಂತೆರಿಜ್ಜೋನಿ ಕೋಟೆ 1213ರಿಂದ ಸಿಯೆನಾದವರು ಫ್ಲಾರೆನ್ಸ್ ಮೇಲೆ ಕಣ್ಣಿಡೋಕೆ ಕಟ್ಟಿದ್ದು, ಸುತ್ತು ಗೋಡೆಗೆ ಹದಿನಾಲ್ಕು ಬುರುಜು, ಟಿಕೆಟ್ ತಗೊಂಡು ಗೋಡೆ ಮೇಲೆ ನಡೀಬಹುದು. ಅಲ್ಲೇ ರಾತ್ರಿ ಉಳೀರಿ, ಸಾನ್ ಜಿಮಿನ್ಯಾನೋದಲ್ಲೂ ಅಷ್ಟೇ. ಹಗಲು ಟೂರಿಸ್ಟ್ ಬಸ್ಸುಗಳ ಕಾಟ, ಸಂಜೆ ಐದರ ಮೇಲೆ ಅವು ಹೊರಟ ಮೇಲೆನೇ ಆ ಬೀದಿಗಳು ಕೈಗೆ ಸಿಗೋದು. ಒಂದು ಕಾಲಕ್ಕೆ 72 ಗೋಪುರ ಇದ್ವಂತೆ ಸಾನ್ ಜಿಮಿನ್ಯಾನೋದಲ್ಲಿ, ಈಗ ಉಳಿದಿರೋದು 14, ಇದೇ ಯಾತ್ರಾ ದಾರಿ ತಂದ ದುಡ್ಡಲ್ಲಿ ಮನೆತನಗಳು ನಾನು ಮೇಲು ನೀನು ಮೇಲು ಅಂತ ಕಟ್ಟಿದ್ದು. 1348ರ ಪ್ಲೇಗಲ್ಲಿ ಊರಿಗೆ ಬಿದ್ದ ಹೊಡೆತದಿಂದ ಚೇತರಿಸ್ಕೊಳ್ಳಲೇ ಇಲ್ಲ, ಹೊಸದಾಗಿ ಕಟ್ಟೋಕೆ ದುಡ್ಡಿರಲಿಲ್ಲ, ಆದ್ರಿಂದಲೇ ಹಳೇದು ಹಾಗೇ ಉಳೀತು.

ಸಿಯೆನಾದಲ್ಲಿ ಒಂದು ಪೂರ್ತಿ ದಿನ ಉಳೀರಿ, ಆವತ್ತು ನಡಿಗೆ ಬೇಡ. ಪಲಾಜ್ಜೋ ಪುಬ್ಲಿಕೋ ಅನ್ನೋ ನಗರಸಭೆ ಕಟ್ಟಡದ ಒಳಗೆ ಅಂಬ್ರೋಜೋ ಲೊರೆಂಜೆತ್ತಿ 1338-39ರಲ್ಲಿ ಬರೆದ ಒಳ್ಳೆ ಆಡಳಿತದ ಭಿತ್ತಿಚಿತ್ರ ಇದೆ, ಅದರ ಮುಂದೆ ನಿಧಾನಕ್ಕೆ ನಿಂತ್ಕೊಳ್ಳಿ. ಊರ ಬಾಗಿಲಿಂದ ರಸ್ತೆ ಇಳಿದು ಹೊಲಗಳ ಮಧ್ಯೆ ಹೋಗುತ್ತೆ, ಅದರ ಮೇಲೆ ಹೊರೆ ಹೊತ್ತ ಕತ್ತೆಗಳು, ಕುದುರೆ ಮೇಲೆ ಬೇಟೆಗೆ ಹೊರಟವರು, ಹಂದಿ ಅಟ್ಕೊಂಡು ಬರೋ ರೈತ. ನೀವು ಮಾರನೇ ದಿನ ಹೋಗೋದೂ ಸಿಯೆನಾ ದಕ್ಷಿಣದ ಅಂಥದ್ದೇ ಗುಡ್ಡಗಳಿಗೆ. ಮಾಂಜಾ ಗೋಪುರ ಹತ್ತೋದು ಬಿಡಿ, ನಾನೂರು ಮೆಟ್ಟಿಲು, ರಜೆಯ ದಿನ ಕಾಲಿಗೂ ರಜೆ ಇರಲಿ. ಬದಲಿಗೆ ಕಾಂಪೋ ಚೌಕದ ಹಿಂದೆ ಇಳಿದು ಓರ್ತೋ ದೇ ಪೆಚ್ಚಿಗೆ ಹೋಗಿ, ಕೋಟೆ ಗೋಡೆ ಒಳಗೇ ಇರೋ ಕಣಿವೆಯ ತೋಟ, ಹುಲ್ಲಿನ ಮೇಲೆ ಕೂತು ಊಟ ಮಾಡಬಹುದು.

ಸಿಯೆನಾದಿಂದ ಮುಂದಿನ ಭಾಗ ಕ್ರೆತೆ ಅನ್ನೋ ಬೂದು ಜೇಡಿಮಣ್ಣಿನ ಗುಡ್ಡಗಳು. ನೋಡೋಕೆ ಚೆಂದ, ಆದ್ರೆ ಮೈಲಿಗಟ್ಟಲೆ ಒಂದು ಮರದ ನೆರಳಿಲ್ಲ, ನೀರು ಸಿಗೋ ಜಾಗಾನೂ ಕಮ್ಮಿ. ಮಳೆ ಬಂತೋ ಮುಗೀತು, ನಮ್ಮ ವಿಜಯಪುರ ಕಡೆ ಎರೆ ಹೊಲದಲ್ಲಿ ಮಳೆಗಾಲ ನಡೆದೋರಿಗೆ ಅದು ಹೇಗಿರುತ್ತೆ ಅಂತ ಗೊತ್ತು, ಹತ್ತು ಹೆಜ್ಜೆಗೆ ಶೂ ಅಡಿ ಎರಡಿಂಚು ಮಣ್ಣು, ಕೆರೆದು ಹಾಕಿದ್ರೆ ಮತ್ತೆ ಹತ್ತು ಹೆಜ್ಜೆಗೆ ಅಷ್ಟೇ. ಅದಕ್ಕೆ ನಾನು ಹೇಳೋದು, ಸಿಯೆನಾದಿಂದ ಬುವೊನ್‌ಕೊನ್ವೆಂತೋಗೆ ಬೆಳಗಿನ ರೈಲು ಹಿಡೀರಿ, ಅಲ್ಲಿಂದ ಸಾನ್ ಕ್ವಿರಿಕೋಗೆ ಸುಮಾರು 21 ಕಿಲೋಮೀಟರ್ ನಡೀರಿ. ಇದು ಮೋಸ ಅಂತ ಮುಖ ಸಿಂಡರಿಸೋರು ಇದ್ದಾರೆ. ಇರಲಿ ಬಿಡಿ, ರೋಮ್ ತನಕ ನಡೆಯೋರಿಗೆ ಆ ಮಾತು ಸರಿ, ತೋಟ ನೋಡೋರಿಗೆ ಅಲ್ಲ. ಆದ್ರೆ ಹಿಂದಿನ ರಾತ್ರಿ ಮಳೆ ಆಗಿದ್ರೆ ಪೂರ್ತಿ ಬಸ್ಸಲ್ಲೇ ಹೋಗಿ.

ಹಂತ 4: ತೋಟಗಳು

ಸಾನ್ ಕ್ವಿರಿಕೋದಲ್ಲಿ ಎರಡು ರಾತ್ರಿ ಇಡಿ. ಹೊರ್ತಿ ಲಿಯೊನೀನಿ ಅನ್ನೋ ತೋಟ ಊರ ಗೋಡೆ ಒಳಗೇ ಇದೆ, ಎಂಟ್ರಿ ಫ್ರೀ, 1580ರ ಆಸುಪಾಸಲ್ಲಿ ದಿಯೊಮೇದೆ ಲಿಯೊನಿ ಮಾಡಿಸಿದ್ದು. ಬಹಳ ಜನ ಐದು ನಿಮಿಷದಲ್ಲಿ ಸೆಲ್ಫಿ ತಗೊಂಡು ಹೊರಗೆ ಬರ್ತಾರೆ, ಹಾಗೆ ಮಾಡಬೇಡಿ. ಕೆಳಗೆ ಮೊಣಕಾಲೆತ್ತರದ ಬಾಕ್ಸ್ ಗಿಡದ ಬೇಲಿಗಳು ನಡುವಿನ ಪ್ರತಿಮೆ ಸುತ್ತ ತ್ರಿಕೋನ ತ್ರಿಕೋನವಾಗಿ ಹಂಚ್ಕೊಂಡಿವೆ, ಪ್ರತಿಮೆ ಮೂರನೇ ಕೋಸಿಮೋ ದೆ ಮೆದಿಚಿದು. ಅಲ್ಲಿಂದ ಮೆಟ್ಟಿಲು ಹತ್ತಿದ್ರೆ ಕತ್ತರಿ ಹಾಕದ ಓಕ್ ಮರಗಳ ಕಾಡು. ಮೇಲೆ ಹೋಗಿ ತಿರುಗಿ ಕೆಳಗೆ ನೋಡಿದಾಗಲೇ ನಕ್ಷೆ ಗೊತ್ತಾಗೋದು. ಬೆಳಗ್ಗೆ ಬೇಗ ಹೋಗಿ, ಓರೆ ಬಿಸಿಲಲ್ಲಿ ಬೇಲಿಯ ಅಂಚು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತೆ.

ಅದೇ ದಿನ ಐದಾರು ಕಿಲೋಮೀಟರ್ ನಡೆದು ಬಾನ್ಯೋ ವಿನ್ಯೋನಿ. ಊರ ಚೌಕದ ಜಾಗದಲ್ಲಿ ಬಿಸಿನೀರಿನ ಕೊಳ, ಅದರಲ್ಲಿ ಇಳಿಯೋ ಹಾಗಿಲ್ಲ, ಆದ್ರೆ ಹರಿದು ಬರೋ ನೀರು ಹಳೇ ಗಿರಣಿಗಳ ಪಾರ್ಕ್ ಕಡೆ ಕಾಲುವೇಲಿ ಹೋಗುತ್ತೆ, ಅಲ್ಲಿ ಕಾಲು ಇಟ್ಕೊಂಡು ಕೂರಬಹುದು.

ಪಿಯೆಂಜಾಗೆ ವಿತಾಲೇತಾ ಚಾಪೆಲ್ ಮೇಲಿಂದ ಹತ್ತು-ಹನ್ನೆರಡು ಕಿಲೋಮೀಟರ್. ಕುರಿ ಮಂದೆ ಕಂಡ್ರೆ ದೂರದಿಂದಲೇ ಸುತ್ತಿ ಹೋಗಿ, ಕಾಯೋ ಬಿಳಿ ಮರೆಮ್ಮಾ ನಾಯಿಗಳಿಗೆ ನೀವು ಪ್ರವಾಸಿಗರು ಅಂತ ಗೊತ್ತಿಲ್ಲ, ಓಡಬೇಡಿ, ಕಲ್ಲು ಎತ್ತಬೇಡಿ. ಎರಡನೇ ಪಿಯುಸ್ ಪೋಪ್ ತಾನು ಹುಟ್ಟಿದ ಹಳ್ಳೀನ 1459ರಿಂದ ಬೆರ್ನಾರ್ದೋ ರೊಸ್ಸೆಲ್ಲೀನೋ ಕೈಲಿ ಹೊಸದಾಗಿ ಕಟ್ಟಿಸಿದ್ದೇ ಪಿಯೆಂಜಾ. ಪಿಕ್ಕೊಲೊಮಿನಿ ಅರಮನೆಗೆ ಟಿಕೆಟ್ ತಗೊಳ್ಳಿ, ಹಿಂದಿನ ತೂಗು ತೋಟ ಸಣ್ಣದು, ಆದ್ರೆ ಅದರ ಗೋಡೆಯ ಕಿಟಕಿಗಳಿಂದ ಓರ್ಚಾ ಕಣಿವೆ ಮತ್ತು ಅಮಿಯಾತಾ ಬೆಟ್ಟ ಚೌಕಟ್ಟು ಹಾಕಿಟ್ಟ ಹಾಗೆ ಕಾಣಬೇಕು ಅಂತಲೇ ಅದನ್ನ ಕಟ್ಟಿರೋದು.

ಕೊನೇದಾಗಿ ಲಾ ಫೋಚೆ, ಕಿಯಾನ್ಚಾನೋ ಹತ್ರ. ಸಿಯೆನಾದ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಆಸ್ಪತ್ರೆಯವರು ಹದಿನೈದನೇ ಶತಮಾನದ ಕೊನೇಲಿ ಕಟ್ಟಿಸಿದ ಯಾತ್ರಿಕರ ಛತ್ರ ಅದು, ಆಮೇಲೆ 1927ರಿಂದ 1939ರ ತನಕ ಇಂಗ್ಲಿಷ್ ವಾಸ್ತುಶಿಲ್ಪಿ ಸೆಸಿಲ್ ಪಿನ್ಸೆಂಟ್ ಅಲ್ಲಿ ತೋಟ ಮಾಡಿದ. ಇದು ದಿನಾ ತೆಗೆದಿರಲ್ಲ, ವಾರದಲ್ಲಿ ಕೆಲವೇ ದಿನ ಗೈಡ್ ಜೊತೆ ಟೂರು, ಮೊದಲೇ ಬುಕ್ ಮಾಡಬೇಕು. ನಿಮ್ಮ ಇಡೀ ಟ್ರಿಪ್ಪಿನ ತಾರೀಖುಗಳನ್ನ ಈ ಒಂದು ಬುಕಿಂಗ್‌ನಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬನ್ನಿ ಅಂತಲೇ ನನ್ನ ಸಲಹೆ.

ಹಂತ 5: ಕಾಲು, ಬ್ಯಾಗು, ಹೊಟ್ಟೆ

ಹಗುರಾದ ಟ್ರೇಲ್ ಶೂ ಸಾಕು, ಮೊಣಕಾಲಿನ ಹತ್ರ ಬರೋ ದಪ್ಪ ಬೂಟು ಈ ಬಿಳಿ ಮಣ್ಣಿನ ರಸ್ತೆಗೆ ದಂಡ. ಹೊರಡೋ ಎರಡು ತಿಂಗಳು ಮುಂಚೆಯಿಂದ ಅದೇ ಶೂ, ಅದೇ ಸಾಕ್ಸ್ ಹಾಕಿ ನಡೀರಿ, ಏರ್‌ಪೋರ್ಟಿಗೆ ಹೋಗೋ ದಾರೀಲಿ ಹೊಸ ಶೂ ತಗೊಂಡೋರಿಗೆಲ್ಲ ಎರಡನೇ ದಿನವೇ ಹಿಮ್ಮಡಿಲಿ ಬೊಬ್ಬೆ. ಕಾಟನ್ ಸಾಕ್ಸ್ ಬೇಡ. ತೆಳು ಪ್ಲಾಸ್ಟಿಕ್ ಪೊಂಚೋ ಮೊದಲ ಗಾಳಿಗೇ ಹರಿದು ಹೋಗುತ್ತೆ, ಒಂದು ಒಳ್ಳೆ ಮಳೆ ಜಾಕೆಟ್ಟಿಗೆ ದುಡ್ಡು ಹಾಕಿ. ದೊಡ್ಡ ಬ್ಯಾಗನ್ನ ಮುಂದಿನ ಹೋಟೆಲ್‌ಗೆ ಸಾಗಿಸೋ ಸರ್ವಿಸ್ ಇದೆ, ಐವತ್ತು ದಾಟಿದವರು ಯೋಚನೆನೇ ಮಾಡದೆ ತಗೊಳ್ಳಿ. ಎರಡು ಲೀಟರ್ ನೀರು ಬೆನ್ನಲ್ಲಿರಲಿ, ನಲ್ಲಿ ಮೇಲೆ 'ನೊನ್ ಪೊತಾಬಿಲೆ' ಅಂತ ಬರೆದಿದ್ರೆ ಕುಡೀಬೇಡಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಬೆಳ್ಳುಳ್ಳಿ ಟೊಮೆಟೊ ಸಾಸಿನ ಪೀಚಿ ಅಲ್ಲಾಲ್ಯೋನೆ, ಬ್ರೆಡ್ಡು-ಟೊಮೆಟೊದ ಪಪ್ಪಾ ಅಲ್ ಪೊಮೊದೋರೋ, ಕಾಳು-ಸೊಪ್ಪಿನ ರಿಬೊಲ್ಲೀತಾ ಎಲ್ಲಾ ಕಡೆ ಸಿಗುತ್ತೆ, ಸೂಪಿಗೆ ಮಾಂಸದ ಸಾರು ಹಾಕಿದೀರಾ ಅಂತ ಕೇಳ್ಕೊಳ್ಳಿ. ಕ್ರೊಸ್ತೀನಿ ನೇರಿ ಅಂದ್ರೆ ಕೋಳಿ ಲಿವರ್, ಚಟ್ನಿ ಹಚ್ಚಿದ ಟೋಸ್ಟ್ ಅಂದ್ಕೊಂಡು ಬಾಯಿಗೆ ಹಾಕ್ಕೋಬೇಡಿ. ಪೆಕೊರೀನೋ ಚೀಸಿಗೆ ಹಾಲು ಹೆಪ್ಪುಗಟ್ಟಿಸೋಕೆ ಪ್ರಾಣಿಜನ್ಯ ರೆನೆಟ್ ಹಾಕೋದು ರೂಢಿ, ಕಟ್ಟುನಿಟ್ಟಿನವರಿಗೆ ಅದು ಆಗಲ್ಲ. ಟಸ್ಕನಿ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಒಂದು ಡಬ್ಬಿ ಚಟ್ನಿಪುಡಿ ತಗೊಂಡು ಹೋಗಿ, ಆಲಿವ್ ಎಣ್ಣೆಲಿ ಕಲಸಿ ಹಚ್ಕೊಂಡ್ರೆ ದಾರಿ ಊಟ ಆಯ್ತು. ತುಪ್ಪ, ಪೇಡ ಮಾತ್ರ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ತರೋದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ ಇದೆ.

ಹಂತ 6: ಬಸ್ಸು, ವಾಪಸ್ಸು

ಬಸ್ ಟಿಕೆಟ್ 'ಟಿ' ಬೋರ್ಡ್ ಇರೋ ತಬಾಕ್ಕಿ ಅಂಗಡೀಲಿ ಮೊದಲೇ ತಗೊಳ್ಳಿ, ಭಾನುವಾರ ಬಸ್ ತೀರಾ ಕಮ್ಮಿ. ಲೋಕಲ್ ರೈಲಿನ ಪೇಪರ್ ಟಿಕೆಟ್‌ನ ಹತ್ತೋ ಮುಂಚೆ ಸ್ಟೇಷನ್ ಮೆಷಿನ್ನಲ್ಲಿ ಒತ್ತಿಸಬೇಕು, ಇಲ್ಲಾಂದ್ರೆ ದಂಡ. ಹಳ್ಳಿ ಕಡೆ ಟ್ಯಾಕ್ಸಿಗೆ ಆ್ಯಪ್ ನಂಬ್ಕೋಬೇಡಿ, ಲಾ ಫೋಚೆಗೆ ಹೋಗೋ ದಿನ ಪಿಯೆಂಜಾ ಹೋಟೆಲ್‌ನೋರ ಹತ್ರ ಹಿಂದಿನ ರಾತ್ರಿನೇ ಫೋನ್ ಮಾಡಿಸಿ, ಲಗೇಜೂ ಜೊತೆಗೇ ಹಾಕ್ಕೊಳ್ಳಿ, ಟೂರ್ ಮುಗಿಸಿ ಅದೇ ಟ್ಯಾಕ್ಸೀಲಿ ಕಿಯೂಸಿ ಸ್ಟೇಷನ್‌ಗೆ ಬಿಡೋಕೆ ಹೇಳಿದ್ರೆ ರೋಮ್‌ಗೂ ಫ್ಲಾರೆನ್ಸ್‌ಗೂ ಅಲ್ಲಿಂದ ನೇರ ರೈಲಿದೆ.