ಲಾಲ್‌ಬಾಗ್ ಮರದ ಕಲ್ಲುಹೂವು: ‘ಅಪರೂಪ’ ಎನ್ನುವ ಮುನ್ನ

ಮಾವು, ಮಳೆಮರದ ತೊಗಟೆಗೆ ಅಂಟಿದ ಬೂದುಬಣ್ಣದ ಚಕ್ಕೆಗಳು ಕಲ್ಲುಹೂವುಗಳು, ಅಂದರೆ ಲೈಕನ್‌ಗಳು. ಶಿಲೀಂಧ್ರವೂ ಪಾಚಿಯೂ ಸೇರಿ ಕಟ್ಟಿಕೊಂಡ ದೇಹ ಅದು. ಹೆಸರು, ವರ್ಗೀಕರಣ ಎರಡೂ ಶಿಲೀಂಧ್ರದ್ದೇ. ತೊಗಟೆ ಕಳಚುವ ನೀಲಗಿರಿ ಮರದಲ್ಲಿ ಇವು ನೆಲೆಯೂರುವುದು ಕಷ್ಟ.

ಸಿಕ್ಕಿದ್ದು ಅಪರೂಪದ ಪ್ರಭೇದ ಎನ್ನಲು ಮೊದಲು ಸಾಮಾನ್ಯವಾದವು ಕೈವಶವಾಗಬೇಕು. ತಬ್ಬಿಬ್ಬು ಮಾಡುವ ಜೋಡಿ ಪಿಕ್ಸೀನ್ ಕೊಕೋಯ್ಸ್ ಮತ್ತು ಡಿರಿನೇರಿಯಾ ಅಪ್ಲನೇಟಾ. ಎರಡೂ ಕ್ಯಾಲಿಸಿಯೇಸಿ ಕುಟುಂಬದವು; ಎರಡರ ಮೇಲೂ ಹಿಟ್ಟು ಉದುರಿದಂತೆ ಸೊರೀಡಿಯಾ, ಅಂದರೆ ಲೈಕನ್ ಹರಡಲು ನೆರವಾಗುವ ಪುಡಿ, ಇರುತ್ತದೆ. 10 ಪಟ್ಟಿನ ಲೆನ್ಸ್‌ನಲ್ಲಿ ಅಡಿಭಾಗ ನೋಡಿ: ಪಿಕ್ಸೀನ್‌ಗೆ ಕಪ್ಪು ಬೇರಿನಂಥ ಎಳೆಗಳಿವೆ, ಡಿರಿನೇರಿಯಾಗೆ ಇಲ್ಲ. ಬಳಿಕ ಕಪ್ಪು ಬಟ್ಟೆಯ ಮರೆಯಲ್ಲಿ ಯುವಿ (ನೇರಳಾತೀತ) ಟಾರ್ಚ್ ಬಿಡಿ. ಲೈಕೆಕ್ಸಾಂಥೋನ್ ಎಂಬ ರಾಸಾಯನಿಕ ಇರುವುದರಿಂದ ಪಿಕ್ಸೀನ್ ಹಳದಿಯಾಗಿ ಹೊಳೆಯುತ್ತದೆ, ಡಿರಿನೇರಿಯಾದ ಮೇಲ್ಮೈ ಹೊಳೆಯದು. ಟಾರ್ಚ್ 365 ನ್ಯಾನೋಮೀಟರಿನದ್ದೇ ಇರಲಿ. ಅಗ್ಗದ 395ರ ಟಾರ್ಚಿನ ನೇರಳೆ ಬೆಳಕು ಮಂದ ಹೊಳಪನ್ನು ನುಂಗಿಬಿಡುತ್ತದೆ.

ಖಚಿತಪಡಿಸಿಕೊಳ್ಳಲು ಕೆ ಪರೀಕ್ಷೆ, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಿಂದ ಬಣ್ಣ ಬದಲಾಗುವುದೇ ಎಂದು ನೋಡುವುದು. ಕೈಗವಸು, ಕನ್ನಡಕ ಹಾಕಿಕೊಂಡು 1 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ನೀರಿನಲ್ಲಿ ಕರಗಿಸಿ, ಒಟ್ಟು 10 ಮಿ.ಲೀ. ಆಗುವಂತೆ ಮಾಡಿ. ಒಂದು ಚೂರನ್ನು ಬೇರ್ಪಡಿಸಿ, ಕಡ್ಡಿಯ ತುದಿಯಿಂದ ಸಣ್ಣ ಹನಿ ಇಡಿ. ಡಿರಿನೇರಿಯಾದ ಮೇಲ್ಮೈ ಹಳದಿಯಾಗುತ್ತದೆ, ಪಿಕ್ಸೀನ್ ಬದಲಾಗದು. ಒದ್ದೆ ಮಾದರಿಯಲ್ಲಿ ಪಾಚಿಯ ಹಸಿರು ಎದ್ದು ಕಂಡು ಬಣ್ಣ ಮೋಸಮಾಡುತ್ತದೆ, ಒಣಗಿದ್ದನ್ನೇ ನೋಡಿ. ಹಳೆಯ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೋತಿರುತ್ತದೆ. ಬಾಟಲಿ ಮೇಲೆ ತಯಾರಿಸಿದ ದಿನ ಬರೆಯಿರಿ.

ಹರಡುವಿಕೆ ಅಳೆಯುವುದು ನಿಜಕ್ಕೂ ಶ್ರಮದ ಕೆಲಸ. ಕಾಂಡದ ನಾಲ್ಕೂ ದಿಕ್ಕಿಗೆ, ನೆಲದಿಂದ 1 ಮೀಟರ್ ಮೇಲಿನಿಂದ, 10 ಸೆಂ.ಮೀ. ಅಗಲ 50 ಸೆಂ.ಮೀ. ಉದ್ದದ ಚೌಕಟ್ಟು ಒತ್ತಿ. ಒಳಗೆ ಐದು ಚೌಕಗಳಿರಲಿ. ಎಷ್ಟು ಚೌಕಗಳಲ್ಲಿ ಪ್ರಭೇದ ಇದೆ ಎಂದು ಎಣಿಸಿ. ಅದು ಕಾಣದ ಮರಗಳನ್ನೂ ಪಟ್ಟಿಗೆ ಸೇರಿಸಿ. ಹಾಗೆ ಸೇರಿಸದಿದ್ದರೆ ಪ್ರಭೇದ ಇಲ್ಲದಿರುವುದಕ್ಕೂ ನೋಡದಿರುವುದಕ್ಕೂ ವ್ಯತ್ಯಾಸವೇ ಉಳಿಯದು.

ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ತೋಟಗಾರಿಕೆ ಇಲಾಖೆಯ ಅನುಮತಿ ಇಲ್ಲದೆ ಚಕ್ಕೆ ಕೀಳಬೇಡಿ. ಉದುರಿದ ಕೊಂಬೆಗಳಲ್ಲೇ ಕಲಿಯಲು ಬೇಕಾದಷ್ಟಿದೆ. ಮಾದರಿಯನ್ನು ಕಾಗದದ ಲಕೋಟೆಯಲ್ಲಿ ನೆರಳಿನಲ್ಲಿ ಒಣಗಿಸಿ, ಪ್ಲಾಸ್ಟಿಕ್‌ನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಲಕೋಟೆ ಮೇಲೆ ಮರದ ಹೆಸರು, ದಿಕ್ಕು, ನೆಲದಿಂದ ಎತ್ತರ, ಜಿಪಿಎಸ್ ಗುರುತು, ದಿನಾಂಕ ಬರೆಯಿರಿ. ಯಾವ ಹೆಸರೂ ತಾಳೆಯಾಗದಿದ್ದರೆ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ಲೈಕನ್ ತಜ್ಞರಿಗೆ ಮೊದಲು ಬರೆದು ಕೇಳಿ, ಒಪ್ಪಿದ ಮೇಲೆ ಕಳಿಸಿ. ಅರ್ಧ ಚಕ್ಕೆಯನ್ನು ಅದೇ ಸಂಖ್ಯೆ ಹಾಕಿ ನಿಮ್ಮಲ್ಲೇ ಇಟ್ಟುಕೊಳ್ಳಿ.