ಫಿನಾಯಿಲೋ, ನಿಂಬೆಹಣ್ಣೋ? ಮೊದಲು ಕೊಳೆ ಯಾವುದು ನೋಡಿ

ಬಳ್ಳಾರಿಯ ಮನೆಗಳಲ್ಲಿ ಕಿಟಕಿ ಮೇಲೆ ಕೂರುವ ಕೆಂಪು ಧೂಳಿಗೆ ಫಿನಾಯಿಲ್ ಬೇಕಿಲ್ಲ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುತ್ತಮುತ್ತ ಬೀಳುವ ಹಾರುಬೂದಿಗೂ ಬೇಕಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎರಡೂ ಹೋಗುತ್ತವೆ. ಆದರೂ ಅಂಗಡಿಗೆ ಹೋದಾಗ 'ಶೇ 99.9 ರೋಗಾಣು ನಾಶ' ಅಂತ ಬರೆದ ಬಾಟಲಿಯೇ ಕೈಗೆ ಬರುತ್ತದೆ. ಮನೆಗೆ ಬಂದು ಮೊಬೈಲ್ ತೆರೆದರೆ, 'ಕೆಮಿಕಲ್ ಬಿಡಿ, ನಿಂಬೆ, ವಿನೆಗರ್, ಸೋಡಾ ಸಾಕು' ಅನ್ನುವ ವಿಡಿಯೊ. ಎರಡರಲ್ಲೂ ಅರ್ಧ ಮಾತ್ರ ನಿಜ. ಏನು ಬಳಸಬೇಕು ಅನ್ನುವುದನ್ನು ಕೊಳೆಯೇ ಹೇಳುತ್ತದೆ.

ಹಂತ 1: ಕೊಳೆ ಗುರುತಿಸಿ

ಧೂಳಿಗೆ ನೀರು ಸಾಕು. ಒಲೆ ಸುತ್ತಲಿನ ಜಿಡ್ಡಿಗೆ ಸೋಪು, ಅಂಟುವಾಳದ ನೀರು ಅಥವಾ ಸೀಗೆಪುಡಿ. ಕಟ್ಟಿಗೆ ಬೂದಿಯಲ್ಲಿ ಕ್ಷಾರ ಇರುತ್ತದೆ, ಹಾಗಾಗಿ ಅದೂ ಜಿಡ್ಡು ಬಿಡಿಸುತ್ತದೆ. ಹಳ್ಳಿ ಮನೆಗಳಲ್ಲಿ ಬೂದಿಯಿಂದ ಪಾತ್ರೆ ತಿಕ್ಕುವುದು ಸುಮ್ನೆ ಬಂದ ರೂಢಿಯಲ್ಲ.

ನಮ್ಮ ಕಡೆಯ ದೊಡ್ಡ ತಲೆನೋವು ಸವಳು ನೀರು. ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ನಲ್ಲಿ, ಬಕೆಟ್, ಟೈಲ್ಸ್ ಮೇಲೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಇದು ಸುಣ್ಣದ ಅಂಶ. ಸೋಪು ಎಷ್ಟು ತಿಕ್ಕಿದರೂ ಹೋಗದು, ಸವಳು ನೀರಿನಲ್ಲಿ ಸೋಪು ನೊರೆಯೂ ಕೊಡದು. ಇಲ್ಲಿ ಬೇಕಾದದ್ದು ಹುಳಿ. ನಿಂಬೆ ಹೋಳಿನಿಂದ ಉಜ್ಜಿ, ಇಲ್ಲವೇ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಆಮೇಲೆ ಬ್ರಷ್ ಹಾಕಿದರೆ ಪೊರೆ ಸಲೀಸಾಗಿ ಕಳಚುತ್ತದೆ.

ಆದರೆ ಅದೇ ಹುಳಿ ನೆಲಕ್ಕೆ ಬಿದ್ದರೆ ಕಥೆ ಬೇರೆ. ಶಹಾಬಾದ್ ಪರಸಿ, ಅಡುಗೆ ಕಟ್ಟೆಯ ಕಡಪಾ ಕಲ್ಲು, ಎರಡೂ ಸುಣ್ಣಕಲ್ಲಿನ ಜಾತಿ. ನಿಂಬೆರಸ, ವಿನೆಗರ್ ತಾಗಿದರೆ ಕಲ್ಲಿನ ಮೈಯೇ ಕರಗಿ ಮಂಕು ಮಚ್ಚೆ ಉಳಿಯುತ್ತದೆ. ಒರೆಸಿದರೆ ಹೋಗುವ ಮಚ್ಚೆಯಲ್ಲ, ಪಾಲಿಶ್ ಮಾಡಿಸಬೇಕು. ಗ್ರಾನೈಟ್‌ಗೆ ಅಷ್ಟು ಭಯವಿಲ್ಲ. ನಿಮ್ಮದು ಯಾವ ಕಲ್ಲು ಗೊತ್ತಿಲ್ಲವೇ? ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಡಿ. ಗುಳ್ಳೆ ಎದ್ದರೆ ಅಥವಾ ಹೊಳಪು ಹೋದರೆ ಆ ನೆಲಕ್ಕೆ ಹುಳಿ ತೋರಿಸಬೇಡಿ. 'ನೈಸರ್ಗಿಕ' ಅಂದಮಾತ್ರಕ್ಕೆ ಸಾಧು ಅಂತಲ್ಲ.

ಹಂತ 2: ಮನೆಮದ್ದಿನ ಮಿತಿ ತಿಳಿಯಿರಿ

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದರೆ ಬುಸ್ ಅಂತ ನೊರೆ ಬರುತ್ತದೆ. ನೋಡಲು ಚೆಂದ. ಆದರೆ ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದುಹಾಕುತ್ತವೆ, ಕೊನೆಗೆ ಉಳಿಯುವುದು ಬಹುಪಾಲು ಉಪ್ಪುನೀರಿನಂಥದ್ದು. ಸೋಡಾ ಬೇರೆ, ವಿನೆಗರ್ ಬೇರೆ ಬಳಸಿ.

ನಿಂಬೆ, ವಿನೆಗರ್, ಬೇವು, ಅರಿಶಿನ ಯಾವುದನ್ನೂ ಕಾಯಿಲೆ ಬಿದ್ದ ಮನೆಯಲ್ಲಿ ಸೋಂಕುನಿವಾರಕ ಅಂತ ನಂಬಬೇಡಿ. ಸಗಣಿ ಸಾರಿಸಿದರೆ ಮಣ್ಣಿನ ಅಂಗಳದ ಧೂಳು ಏಳುವುದಿಲ್ಲ, ಅದು ಸರಿ. ರೋಗಾಣು ಮಾತ್ರ ಅದರಿಂದ ಸಾಯುವುದಿಲ್ಲ. ಸಗಣಿಯಲ್ಲಿ ಧನುರ್ವಾಯು ತರುವ ಜೀವಾಣು ಇರಬಹುದು. ಗಾಯದ ಹತ್ತಿರ, ಕೂಸಿನ ಹೊಕ್ಕುಳ ಹತ್ತಿರ ಅದು ಸುಳಿಯಲೇಬಾರದು.

ಹಂತ 3: ಕೆಮಿಕಲ್ ಬೇಕಾದಾಗ ಅಳೆದು ಬಳಸಿ

ಯಾರಿಗಾದರೂ ವಾಂತಿ-ಭೇದಿ ಆಗಿದೆ, ನೆಲಕ್ಕೆ ರಕ್ತ ಬಿದ್ದಿದೆ ಅಂದಾಗ ಬ್ಲೀಚ್ ತೆಗೆಯಿರಿ. ಮೊದಲು ಸೋಪು ನೀರಿನಿಂದ ಕೊಳೆ ತೆಗೆಯಬೇಕು. ಕೊಳೆ ಹಾಗೇ ಇದ್ದರೆ ಬ್ಲೀಚ್‌ನ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತದೆ.

ಬಾಟಲಿಯಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಶೇ 4 ಅಂತಿದ್ದರೆ, 25 ಮಿಲಿಲೀಟರ್ ತೆಗೆದುಕೊಂಡು ನೀರು ಸೇರಿಸಿ ಒಂದು ಲೀಟರ್ ಮಾಡಿ. ಇದು ಶೇ 0.1ರ ದ್ರಾವಣ. ಬಾಗಿಲ ಚಿಲಕ, ನಲ್ಲಿ, ಸಂಡಾಸದ ಮಗ್ಗಿನ ಹಿಡಿ, ಸಂಡಾಸದ ನೆಲಕ್ಕೆ ಇದು ಸಾಕು. ರಕ್ತ ಬಿದ್ದ ಜಾಗಕ್ಕೆ ಇದರ ಐದು ಪಟ್ಟು ಗಟ್ಟಿ ಬೇಕು, ಅಂದರೆ ಲೀಟರ್‌ಗೆ 125 ಮಿಲಿಲೀಟರ್. ಹಚ್ಚಿ ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ಬೇಸಿಗೆಯಲ್ಲಿ ಎರಡೇ ನಿಮಿಷಕ್ಕೆ ಒಣಗುತ್ತದೆ, ಮತ್ತೆ ಹಚ್ಚಿ. ಆಮೇಲೆ ಬರೀ ನೀರಿನಲ್ಲಿ ಒರೆಸಿ, ಇಲ್ಲದಿದ್ದರೆ ಕಬ್ಬಿಣ, ಸ್ಟೀಲ್ ತುಕ್ಕು ಹಿಡಿಯುತ್ತದೆ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಇಳಕಲ್ ಸೀರೆ ಉಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ, ಒಂದು ಹನಿಗೆ ಬಣ್ಣ ಹೋಗುತ್ತದೆ.

ನಲವತ್ತು ಡಿಗ್ರಿ ದಾಟುವ ನಮ್ಮ ಸೆಕೆಯಲ್ಲಿ ಬ್ಲೀಚ್, ಬ್ಲೀಚಿಂಗ್ ಪೌಡರ್ ಎರಡೂ ಬೇಗ ಸತ್ವ ಕಳೆದುಕೊಳ್ಳುತ್ತವೆ. ನೆರಳಿನಲ್ಲಿಡಿ, ಬೆರೆಸಿದ್ದನ್ನು ಅವತ್ತೇ ಮುಗಿಸಿ. ಘಾಟು ಹೋದ ಪೌಡರ್ ಬರೀ ಸುಣ್ಣ.

ಫಿನಾಯಿಲ್ ಕೊಳ್ಳುವಾಗ ಲೇಬಲ್ ನೋಡಿ. ನೀರಿಗೆ ಹಾಕಿದಾಗ ಹಾಲಿನಂತಾದರೆ 'ಒರಿಜಿನಲ್' ಅನ್ನುತ್ತಾರಲ್ವಾ? ಅದು ಎಣ್ಣೆ ನೀರಲ್ಲಿ ಹರಡಿದ್ದಷ್ಟೇ. ರೋಗಾಣು ಕೊಲ್ಲುವ ಶಕ್ತಿಯನ್ನು ತೋರಿಸುವುದು ಲೇಬಲ್ ಮೇಲಿನ ಆರ್‌ಡಬ್ಲ್ಯೂಸಿ (RWC) ಅನ್ನುವ ಸಂಖ್ಯೆ. ಅದು ಹೆಚ್ಚಿದ್ದಷ್ಟೂ ಶಕ್ತಿ ಜಾಸ್ತಿ. ಮನೆಯಲ್ಲಿ ಬೆಕ್ಕಿದ್ದರೆ ಕರಿ ಫಿನಾಯಿಲ್ ಬೇಡ, ಬೆಕ್ಕಿನ ಮೈಗೆ ಅದು ವಿಷ.

ಹಂತ 4: ಬ್ಯಾರಲ್ ಮತ್ತು ಟ್ಯಾಂಕ್

ನಲ್ಲಿ ನೀರು ದಿನಾ ಬಾರದ ಊರುಗಳಲ್ಲಿ ಮನೆ ಮುಂದೆ ಬ್ಯಾರಲ್ ಸಾಲು ಮಾಮೂಲು. ಡೆಂಗಿ ಹರಡುವ ಸೊಳ್ಳೆ ಬ್ಯಾರಲ್‌ನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್ ಹಾಕಿ ತಿಕ್ಕಿ ತೊಳೆದು, ಬಿಗಿಯಾಗಿ ಮುಚ್ಚಿ. ಇದಕ್ಕೆ ಬೇಕಾದದ್ದು ರಟ್ಟೆ ಬಲ ಅಷ್ಟೇ.

ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ನಾನು ಕೆಮಿಕಲ್ ಪರ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಸಾವುಗಳಾದದ್ದು ಇನ್ನೂ ಮರೆತಿಲ್ಲ. ಟ್ಯಾಂಕ್ ತಿಕ್ಕಿ ತೊಳೆದು ತುಂಬಿದ ಮೇಲೆ, ತಿಳಿನೀರಿಗೆ 1000 ಲೀಟರ್‌ಗೆ 2.5 ಗ್ರಾಂನಷ್ಟು ಒಳ್ಳೆಯ ಬ್ಲೀಚಿಂಗ್ ಪೌಡರ್ ಲೆಕ್ಕ. ಅದನ್ನು ಬೇರೆ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಿಡಿ. ಬ್ಯಾರಲ್‌ನಷ್ಟು ನೀರಿಗೆ ಇಷ್ಟು ಸಣ್ಣ ಲೆಕ್ಕ ಅಳೆಯಲಾಗದು, ಕ್ಲೋರಿನ್ ಮಾತ್ರೆ ಸುಲಭ. ಎರಡೂ ಇಲ್ಲದಿದ್ದರೆ ಕುದಿಸಿ.

ಹಂತ 5: ಬೆರೆಸಬೇಡಿ, ಬಾಟಲಿ ಬದಲಿಸಬೇಡಿ

ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಚ್ಚಲಿನಲ್ಲಿ ಇದು ಉಸಿರು ಕಟ್ಟಿಸುತ್ತದೆ. ನಿಂಬೆ, ವಿನೆಗರ್ ಜೊತೆಗೂ ಬ್ಲೀಚ್ ಬೇಡ. ತಪ್ಪಿ ಬೆರೆತು ಘಾಟು ಬಂದರೆ ತೊಳೆಯುತ್ತ ನಿಲ್ಲದೆ ಹೊರಗೆ ಬನ್ನಿ.

ಸೈಕಲ್ ಮೇಲೆ ಮಾರುವ ಬಿಡಿ ಫಿನಾಯಿಲ್, ಆಸಿಡ್ಅನ್ನು ನೀರಿನ ಬಾಟಲಿಗೆ ಹಾಕಿಸಿಕೊಳ್ಳಬೇಡಿ. ಬಾಯಾರಿದ ಮಗು ನೋಡುವುದು ಬಾಟಲಿಯನ್ನು, ಒಳಗಿರುವುದನ್ನಲ್ಲ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಮೇಲೆ ಬರುವಾಗ ಅದು ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ತಕ್ಷಣ ಆಸ್ಪತ್ರೆಗೆ ಹೊರಡಿ, ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.